ಮಗನ ಋಣ, ಸೊಸೆಯ ತಲೆಗೆ

ರೋಹನ್ ಪರಶುರಾಮ್ ಕಾನವಡೆ ನಿರ್ದೇಶಿಸಿದ ಮರಾಠಿ ಚಿತ್ರ ‘ಸಾಬರ್ ಬೊಂಡ’ 2025ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ದೊಡ್ಡ ಬಹುಮಾನ ಪಡೆಯಿತು. ಸಾಬರ್ ಬೊಂಡ ಎಂದರೆ ಪಾಪಾಸುಕಳ್ಳಿಯ ಹಣ್ಣು. ಕನಕಪುರದ ಬಂಡೆ ಸೀಮೆಯವರಿಗೆ ಅದರ ಮುಳ್ಳನ್ನೂ ಸಿಹಿಯನ್ನೂ ಬಿಡಿಸಿ ಹೇಳಬೇಕಿಲ್ಲ. ಅಪ್ಪ ತೀರಿಕೊಂಡ ಮೇಲೆ ಹತ್ತು ದಿನದ ಸೂತಕಕ್ಕೆಂದು ಮುಂಬಯಿಯಿಂದ ಊರಿಗೆ ಬಂದ ಆನಂದ, ಹಳೆಯ ಗೆಳೆಯ ಬಾಳ್ಯಾನಿಗೆ ಮತ್ತೆ ಹತ್ತಿರವಾಗುತ್ತಾನೆ. ಸೂತಕದ ಮನೆಯಲ್ಲೇ ನೆಂಟರು ಅವನ ಮದುವೆಯ ಮಾತು ತೆಗೆಯುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಇಬ್ಬರು ಗಂಡಸರು ಹೊಲದಲ್ಲಿ ಒಟ್ಟಿಗೆ ಅಲೆದರೆ ಊರಿನ ಕಣ್ಣಿಗೆ ಅದು ಚುಚ್ಚುವುದಿಲ್ಲ. ನಮ್ಮ ಕಡೆಯೂ ಹಾಗೆಯೇ. ಹೆಗಲ ಮೇಲೆ ಕೈ ಹಾಕಿಕೊಂಡು ಜಾತ್ರೆ ಸುತ್ತುವ ಹುಡುಗರನ್ನು ಯಾರೂ ತಡೆದು ಕೇಳುವುದಿಲ್ಲ. ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯ ಇಬ್ಬರು ಗೆಳೆಯರನ್ನು 1975ರಿಂದ ಇಡೀ ದೇಶ ಎದೆಗೆ ಹಚ್ಚಿಕೊಂಡಿದೆ. ಹಾಗಾದರೆ ಊರಿನ ತಕರಾರು ಸಲುಗೆಯ ಮೇಲಲ್ಲ. ‘ನನಗೆ ಮದುವೆ ಬೇಡ’ ಎಂಬ ಮಾತಿನ ಮೇಲೆ. ಸಲಿಂಗಪ್ರೇಮದ ಪ್ರಶ್ನೆಯನ್ನು ಕಾಮದ ಪ್ರಶ್ನೆಯಾಗಿ ನೋಡುವವರು ಈ ತಿರುವನ್ನೇ ಕಾಣದೆ ಹೋಗುತ್ತಾರೆ.

ಮದುವೆಯ ಒತ್ತಾಯವನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಪಟ್ಟಣದ ಸೋಮಾರಿತನ. ಕನಕಪುರ ಸೀಮೆಯ ರೇಷ್ಮೆ ಮನೆಯೊಂದನ್ನು ನೆನೆದುಕೊಳ್ಳಿ. ಎಳೆಹುಳು ಸಾಕುವ ಚಾಕಿಯಿಂದ ಗೂಡಿನವರೆಗೆ ಒಂದು ಬೆಳೆ ಹೆಚ್ಚುಕಡಿಮೆ ಒಂದು ತಿಂಗಳು. ಹುಳು ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ನಾಲ್ಕು ಹಂತ, ಕಳೆಯಬೇಕು. ನಾಲ್ಕನೆಯ ಜ್ವರ ಎದ್ದ ಮೇಲೆ ಸೊಪ್ಪು ಎಷ್ಟು ಹಾಕಿದರೂ ಸಾಲದು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಂಕಿಗೆ ಬಿಡುವ ದಿನ ಮನೆಯಲ್ಲಿರುವ ಪ್ರತಿ ಕೈಯೂ ಬೇಕು. ಇಂಥ ಮನೆಯಲ್ಲಿ ಸೊಸೆ ಎಂದರೆ ಎರಡು ಕೈ, ಮುಂದೆ ಹುಟ್ಟುವ ಮಕ್ಕಳು, ಅತ್ತೆ ಮಾವಂದಿರ ಮುಪ್ಪಿನ ಆಸರೆ, ನೆಂಟಸ್ತನದ ಬಲ. ಪಿಂಚಣಿ ಇಲ್ಲದ ಬದುಕಿಗೆ ಸಂಸಾರವೇ ಪಿಂಚಣಿ. ಆದ್ದರಿಂದ ‘ಹೆತ್ತವರ ಋಣ’ ಎನ್ನುವುದು ಬಾಯಿಮಾತಲ್ಲ. ಸಾಕಿದವರ ಬೆವರಿನ ಲೆಕ್ಕ ಅದರಲ್ಲಿದೆ. ನನ್ನ ಪ್ರಶ್ನೆ ಋಣ ಇದೆಯೇ ಎಂಬುದಲ್ಲ, ಇದೆ. ಅದನ್ನು ಯಾರ ಗಂಟಿನಿಂದ ತೀರಿಸುತ್ತೇವೆ ಎಂಬುದು.

ಜಿಯೋ ಬೇಬಿ ನಿರ್ದೇಶಿಸಿದ ಮಲಯಾಳಂನ ‘ಕಾದಲ್ – ದಿ ಕೋರ್’ (2023) ಈ ಪ್ರಶ್ನೆಗೆ ನೇರವಾಗಿ ಕೈಹಾಕಿತು. ಮಮ್ಮುಟ್ಟಿ ಅಭಿನಯಿಸಿದ ಮ್ಯಾಥ್ಯೂ ಊರಿನ ಚುನಾವಣೆಗೆ ನಿಂತಿರುವಾಗಲೇ ಹೆಂಡತಿ ಓಮನಾ ವಿಚ್ಛೇದನ ಕೇಳಿ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾಳೆ. ಗಂಡ ಸಲಿಂಗಿ ಎಂಬುದೇ ಅವಳು ಕೊಡುವ ಕಾರಣ. ಅಪ್ಪನಿಗೆ ಮಗನ ಸಂಗತಿ ಮೊದಲೇ ಗೊತ್ತಿತ್ತು. ಮದುವೆಯಾದರೆ ಸರಿಹೋಗುತ್ತದೆಂದು ನಂಬಿದ್ದ. ಹೀಗೆ ಮಗ ಮಾತು ಉಳಿಸಿಕೊಂಡ, ಅಪ್ಪ ಮಾನ ಉಳಿಸಿಕೊಂಡ. ಇಬ್ಬರ ಖರ್ಚನ್ನೂ ಹೊತ್ತವಳು ಓಮನಾ. ಪ್ರೀತಿಯೋ ಕರ್ತವ್ಯವೋ ಎಂದು ನಾವು ತಕ್ಕಡಿ ಹಿಡಿದಾಗ ಎರಡು ತಟ್ಟೆಯಲ್ಲೂ ಗಂಡಸೇ ಕೂತಿರುತ್ತಾನೆ: ಒಂದರಲ್ಲಿ ಅವನ ಆಸೆ, ಇನ್ನೊಂದರಲ್ಲಿ ಅವನ ಮನೆತನ. ಮೂರನೆಯವಳನ್ನು ತೂಗಲು ತಟ್ಟೆಯೇ ಇಲ್ಲ. ಅವಳನ್ನು ಲೆಕ್ಕಕ್ಕೆ ತಂದ ಕ್ಷಣ ವಾದ ತಲೆಕೆಳಗಾಗುತ್ತದೆ. ತನ್ನನ್ನು ತಾನು ಒಪ್ಪಿಕೊಳ್ಳುವುದನ್ನು ಸ್ವಾರ್ಥವೆಂದು ಕರೆಯುತ್ತೇವಲ್ಲ, ಆ ಒಪ್ಪಿಕೊಳ್ಳುವಿಕೆಯೇ ಆಗ ಮೊದಲ ಕರ್ತವ್ಯ. ಏನೂ ಅರಿಯದ ಒಬ್ಬ ಹೆಣ್ಣಿಗೆ ಸಲ್ಲಬೇಕಾದ ನಿಜ ಅದು.

ಇದೆಲ್ಲ ಪರದೇಶದ ಗಾಳಿ ಎನ್ನುವವರಿದ್ದಾರೆ. ಪರದೇಶದಿಂದ ಬಂದದ್ದು ಕಾನೂನು: 1860ರ ದಂಡಸಂಹಿತೆಯ 377ನೇ ಕಲಮು ಬ್ರಿಟಿಷರದು. ಒಪ್ಪಿತ ಸಲಿಂಗ ಸಂಬಂಧವನ್ನು ಸುಪ್ರೀಂ ಕೋರ್ಟು ಅದರ ಹಿಡಿತದಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೂ ಐದು ವರ್ಷ ಮೊದಲೇ, 2013ರಲ್ಲಿ, ಸಂಡೂರಿನ ವಸುಧೇಂದ್ರ ‘ಮೋಹನಸ್ವಾಮಿ’ ಕಥೆಗಳನ್ನು ಪ್ರಕಟಿಸಿದ್ದರು. ಅವು ನಮ್ಮ ಮನೆಗಳ, ನಮ್ಮ ಮಾತಿನ ಕಥೆಗಳು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಮದುವೆಯಾಗದವನಿಗೆ ನಮ್ಮ ಸಂಪ್ರದಾಯದಲ್ಲಿ ಜಾಗವೆಲ್ಲಿ? ಉತ್ತರ ಕಾಲಬುಡದಲ್ಲೇ ಇದೆ. ಶಿವರಾತ್ರಿಯ ಹೊತ್ತಿಗೆ ಸಂಗಮದಲ್ಲಿ ಕಾವೇರಿ ದಾಟಿ, ಕಾಡು ಹಾದು, ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುವವರು ಕೈಮುಗಿಯುವುದು ಸಂಸಾರಕ್ಕೆ ಸಿಕ್ಕದ ಜೋಗಿಗೆ. ಮದುವೆಯಿಂದ ವಿನಾಯಿತಿ ನಮಗೆ ಗೊತ್ತಿಲ್ಲದ್ದಲ್ಲ. ಆದರೆ ಆ ವಿನಾಯಿತಿ ಪ್ರೀತಿಯನ್ನು ಬಿಟ್ಟವನಿಗೆ ಸಿಗುತ್ತದೆ, ಬೇರೆ ಬಗೆಯ ಪ್ರೀತಿ ಉಳ್ಳವನಿಗೆ ಸಿಗುವುದಿಲ್ಲ. ಅಂದರೆ ವಂಶ ನಿಂತುಹೋಗುವ ಭಯ ಅಷ್ಟು ನಿಜವಲ್ಲ. ಮಗ ಸನ್ಯಾಸಿಯಾದರೂ ವಂಶ ನಿಂತೇಹೋಗುತ್ತದೆ. ಆಗ ಅದನ್ನು ಪುಣ್ಯ ಎನ್ನುತ್ತೇವೆ.

ಮುಪ್ಪಿನಲ್ಲಿ ನೋಡಿಕೊಳ್ಳುವವರು ಯಾರು ಎಂಬ ಅಳಲು ಮಾತ್ರ ನಿಜ, ಅದಕ್ಕೆ ಸಿನಿಮಾದಲ್ಲಿ ಸುಲಭದ ಉತ್ತರವಿಲ್ಲ. ಹಿಂದಿಯ ‘ಬಧಾಯಿ ದೋ’ (2022) ಸಲಿಂಗಿ ಗಂಡು, ಸಲಿಂಗಿ ಹೆಣ್ಣು ತಿಳಿದೇ ಮಾಡಿಕೊಳ್ಳುವ ತೋರಿಕೆಯ ಮದುವೆಯನ್ನು ತೋರಿಸಿತು. ಅಲ್ಲಿ ಒಬ್ಬರಿಗೊಬ್ಬರು ಮೋಸ ಮಾಡಿಲ್ಲ, ನಿಜ. ಮೋಸ ಹೋಗುವವರು ಅಪ್ಪ ಅಮ್ಮಂದಿರು, ಯಾರ ಸಲುವಾಗಿ ಮದುವೆ ನಡೆಯಿತೋ ಅವರೇ. ಸುಳ್ಳಿನಿಂದ ತೀರಿಸಿದ ಸಾಲಕ್ಕೆ ರಸೀದಿ ಸಿಗುವುದಿಲ್ಲ. ‘ಸಾಬರ್ ಬೊಂಡ’ದ ತಾಯಿಗೆ ಮಗನ ಸಂಗತಿ ತಿಳಿದಿದೆ, ಆಕೆ ಅವನನ್ನು ಬಿಟ್ಟುಕೊಡುವುದಿಲ್ಲ, ಹೊರಗಿನ ಒತ್ತಡ ಅಷ್ಟಿದ್ದರೂ ಆ ಮಗ ತಾಯಿಯ ಪಾಲಿಗೆ ಮಗನಾಗಿಯೇ ಉಳಿಯುತ್ತಾನೆ. ಹೆತ್ತವರನ್ನು ನೋಡಿಕೊಳ್ಳಲು ಮಗನ ಮನಸ್ಸು ಬೇಕು, ಮಗನ ಹೆಂಡತಿಯೇ ಬೇಕೆಂದಿಲ್ಲ. ಈ ಕೆಲಸವನ್ನು ಸೊಸೆಯ ತಲೆಗೆ ಕಟ್ಟಿದ್ದು ನಮ್ಮ ಅನುಕೂಲ, ಧರ್ಮವಲ್ಲ.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಕಾನೂನಿನ ಕಣ್ಣಿಗೆ ಇಂಥ ಪ್ರೀತಿ ಈಗ ಅಪರಾಧವಲ್ಲ, ಮದುವೆಯೂ ಅಲ್ಲ. ಹಾಗಾಗಿ ತೀರ್ಮಾನ ಸದ್ಯಕ್ಕೆ ಮನೆಯ ಪಡಸಾಲೆಯಲ್ಲೇ ಆಗಬೇಕು. ಹೆಣ್ಣು ನೋಡಲು ಹೊರಡುವ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ: ಜಾತಕ ಕೂಡುತ್ತದೆಯೇ ಎಂದು ಜೋಯಿಸರನ್ನು ಕೇಳುವ ಮೊದಲು, ನಿನಗೆ ಈ ಮದುವೆ ಬೇಕೇ ಎಂದು ಮಗನನ್ನು ಒಂಟಿಯಾಗಿ ಕೂರಿಸಿ ಕೇಳಿ. ಅವನು ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ.