ಋಣ ಯಾರದು?

ಚುನಾವಣೆ ಬಂತೆಂದರೆ ಹೊರನಾಡು, ಕಳಸದ ಲೈನ್ ಮನೆಗಳಿಗೆ ಬಂದು, "ಇಷ್ಟೆಲ್ಲಾ ಕೊಟ್ಟಿದೀವಿ, ಋಣ ಮರೀಬೇಡಿ" ಅಂತಾರೆ. ಈ ಋಣದ ಲೆಕ್ಕವನ್ನು ನಾವೇ ಒಂದು ಸಲ ಮಾಡಬೇಕು.

1978ರ ಉಪಚುನಾವಣೆಯಲ್ಲಿ ಚಿಕ್ಕಮಗಳೂರು ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಕಳಿಸಿತು. ಅದಕ್ಕೂ ಮುಂಚೆ, 1974ರ ಭೂಸುಧಾರಣೆ ಗೇಣಿದಾರರಿಗೆ ನೆಲ ಕೊಡಿಸಿತ್ತು. ಕಾಫಿ ತೋಟಗಳನ್ನು ಮಾತ್ರ ಮಿತಿಯಿಂದ ಹೊರಗೇ ಬಿಟ್ಟಿತ್ತು. ತೋಟದ ಕೂಲಿ ಕೂಲಿಯಾಗೇ ಉಳಿದ. ಈಚೆಗೆ ತೋಟಕ್ಕೆ ಒತ್ತುವರಿಯಾದ ಸರ್ಕಾರಿ ಜಮೀನನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆಗೆ ಕೊಡುವ ಕಾನೂನೂ ಬಂತು. ಆ ಧಣಿಗಳ ಜಗುಲಿಯಲ್ಲಿ ಯಾರಾದರೂ ಋಣದ ಮಾತೆತ್ತಿದ್ದಾರಾ? ಅವರಿಗೆ ಕೊಟ್ಟರೆ ಆರ್ಥಿಕ ನೀತಿ. 2023ರಿಂದ ನಮ್ಮ ಹೆಂಗಸರಿಗೆ ತಿಂಗಳಿಗೆ 2000 ರೂಪಾಯಿ ಕೊಟ್ಟರೆ ಬಿಟ್ಟಿ!

ಹೊರನಾಡಿನ ಗುಡಿಯಲ್ಲಿ ಊಟ ಹಾಕುವುದು ದಾನ. ಸರ್ಕಾರದ ದುಡ್ಡು ದಾನವಲ್ಲ. ಸೋಪು, ಚಪ್ಪಲಿ ಕೊಂಡಾಗಲೆಲ್ಲ ನಾವೂ ತೆರಿಗೆ ಕಟ್ಟಿದ್ದೇವೆ.

ಮೂಡಿಗೆರೆ ಮೀಸಲು ಕ್ಷೇತ್ರ. ಕುರ್ಚಿ ಮೀಸಲಾಯಿತು, ಕಾಲೂರುವ ನೆಲ ಮೀಸಲಾಗಲಿಲ್ಲ. ಕೆಲಸ ಹೋದರೆ ಲೈನ್ ಮನೆಯೂ ಹೋಯಿತು. ಗೆಳೆಯರೇ, ಹಕ್ಕನ್ನು ಭಿಕ್ಷೆ ಅಂತ ಕರೆಯುವವರೇ ನಮ್ಮ ಸಾಲಗಾರರು. ಓಟು ಋಣ ತೀರಿಸುವ ಕಾಸಲ್ಲ. ಬಾಕಿ ಕೇಳುವ ಚೀಟಿ.