ಓಡುವವನ ಭಿಕ್ಷೆ

ಒಬ್ಬನು ಓಡಿದರೆ ಇನ್ನೊಬ್ಬನ ಕಾಯಿಲೆಗೆ ಏನು ಗುಣವಾದೀತು? ಪ್ರಶ್ನೆ ಮೇಲುನೋಟಕ್ಕೆ ತಮಾಷೆಯದಾಗಿ ಕಾಣುತ್ತದೆ. ಆದರೆ ನಮ್ಮ ನಗರಗಳಲ್ಲಿ ಈಗ ಸಾವಿರಾರು ಜನ ಒಂದಲ್ಲ ಒಂದು ಸತ್ಕಾರ್ಯದ ಹೆಸರಿನಲ್ಲಿ ಓಡುತ್ತಿರುವುದರಿಂದ ಅದನ್ನು ಸ್ವಲ್ಪ ನಿಧಾನವಾಗಿ ವಿಚಾರ ಮಾಡುವುದು ಒಳ್ಳೆಯದು. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ 10 ಕಿಲೋಮೀಟರ್ ಓಟಕ್ಕೆ ಸೇರುವವರಲ್ಲಿ ಬಹುಮಂದಿ ಗೆಲ್ಲಲೆಂದು ಬಂದವರಲ್ಲ. ತಾವು ಓಡುತ್ತೇವೆಂದು ಹೇಳಿ, ಬಂಧುಮಿತ್ರರಿಂದ ಹಣ ಕೂಡಿಸಿ, ಯಾವುದಾದರೊಂದು ಸೇವಾಸಂಸ್ಥೆಗೆ ಒಪ್ಪಿಸುವವರೂ ಅವರಲ್ಲಿದ್ದಾರೆ. ಐವತ್ತು ದಾಟಿದ, ಬಸ್ಸು ಹಿಡಿಯುವುದಕ್ಕಲ್ಲದೆ ಮತ್ತೊಂದಕ್ಕೆ ಎಂದೂ ಓಡದ ನಾನೂ ಅವರ ಸಾಲಿಗೆ ಸೇರಿದೆ. ನಾನು ಆರಿಸಿಕೊಂಡದ್ದು ಮನೋರೋಗದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ವಸತಿ ಕೊಟ್ಟು ಕಸುಬು ಕಲಿಸುವ ಒಂದು ಸಣ್ಣ ಸಂಸ್ಥೆಯನ್ನು.

ಸುದ್ದಿ ತಿಳಿದ ಸ್ನೇಹಿತರೊಬ್ಬರು ಕೇಳಿದರು: “ಅಲ್ಲಯ್ಯಾ, ಹಣ ಕೊಡಬೇಕೆನ್ನಿಸಿದರೆ ಕೊಡು. ಅದಕ್ಕೆ ಓಡುವುದೇಕೆ? ನಿನ್ನ ಮಂಡಿ ನೋವಿಗೂ ಅವರ ಮನಸ್ಸಿನ ನೋವಿಗೂ ಎಲ್ಲಿಯ ಸಂಬಂಧ?” ಅವರದು ಲೆಕ್ಕಪತ್ರ ನೋಡಿ ಪಳಗಿದ ಬುದ್ಧಿ. ಆ ಪ್ರಶ್ನೆಯನ್ನು ಹಾಸ್ಯದಿಂದ ತಳ್ಳಿಹಾಕುವಂತಿರಲಿಲ್ಲ. ಕೊಡುವವನು ಸಂಕಟವನ್ನು ನೋಡಿ ಕೊಡಬೇಕೇ ಹೊರತು ಓಡುವವನ ಬೆವರನ್ನು ನೋಡಿ ಏಕೆ ಕೊಡಬೇಕು? ಹಾಗೆ ಕೊಟ್ಟರೆ ರೋಗಿಯು ಹಿಂದೆ ಸರಿದು, ಓಟಗಾರನೇ ಮುಂದೆ ನಿಂತು, ಅವನ ಬನಿಯನ್ನು, ಅವನ ಪದಕ, ಅವನ ಛಾಯಾಚಿತ್ರ ಇವುಗಳೇ ದಾನದ ವಿಷಯವಾಗುವುದಿಲ್ಲವೇ? ಈ ಅಪಾಯ ಕಾಲ್ಪನಿಕವಾದದ್ದಲ್ಲ.

ಅಭ್ಯಾಸದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಹತ್ತು ಕಿಲೋಮೀಟರ್ ಎಂದರೆ ಹಳೆಯ ಲೆಕ್ಕದಲ್ಲಿ ಆರೂಕಾಲು ಮೈಲಿಯಷ್ಟಾಯಿತು. ಹೊಸಬನು ಅದನ್ನು ಒಂದೇ ಸಲಕ್ಕೆ ನುಂಗಲಾರ. ವಾರಕ್ಕೆ ಮೂರು ದಿನ, ಲಾಲ್‌ಬಾಗಿನಲ್ಲಿ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಆರಂಭಿಸಿದೆ. ಪಕ್ಕದವನೊಡನೆ ಮಾತನಾಡಲಾಗದಷ್ಟು ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು ಎಂಬುದು ಬಲ್ಲವರು ಹೇಳಿಕೊಟ್ಟ ಮೊದಲ ಪಾಠ. ಎರಡನೆಯ ಪಾಠವನ್ನು ದೇಹವೇ ಕಲಿಸಿತು. ಹೃದಯವೂ ಶ್ವಾಸಕೋಶವೂ ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಹೊಂದಿಕೊಳ್ಳುತ್ತವೆ. ಎಲುಬು, ಸ್ನಾಯುಬಂಧಗಳು ಮಾತ್ರ ತಮಗೆ ಬೇಕಾದಷ್ಟು ಕಾಲ ತೆಗೆದುಕೊಳ್ಳುತ್ತವೆ. ಉಸಿರು ಸಲೀಸಾಯಿತೆಂದು ಹಿಗ್ಗಿ ದೂರ ಹೆಚ್ಚಿಸಿದವನ ಮೀನಖಂಡ ಹಿಡಿದುಕೊಳ್ಳುವುದು ಆಗಲೇ. ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸಿನ ಲಾಲ್‌ಬಾಗಿನ ಬಂಡೆಯ ಪಕ್ಕದಲ್ಲಿ ಕುಂಟುತ್ತ ನಡೆಯುವವನಿಗೆ ಅವಸರದ ಅರ್ಥಹೀನತೆ ಬೇಗ ತಿಳಿಯುತ್ತದೆ.

ಕಾಲಿಗೆ ಸ್ವಲ್ಪ ಬಲ ಬಂದ ಮೇಲೆ, ಭಾನುವಾರಗಳಲ್ಲಿ ತೋಟದ ಹೊರಗೂ ಓಡತೊಡಗಿದೆ. ಆ ದಾರಿ ನಿಮ್ಹಾನ್ಸ್ ಆಸ್ಪತ್ರೆಯ ಮುಂದೆ ಹಾದುಹೋಗುತ್ತದೆ. ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ 1974ರಲ್ಲಿ ಈ ಹೆಸರು ತಳೆದ ಸಂಸ್ಥೆ ಅದು. ದೂರದ ಜಿಲ್ಲೆಗಳಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದವರು, ಕೈಯಲ್ಲಿ ಬುತ್ತಿಯ ಚೀಲ, ಔಷಧದ ಚೀಟಿ ಹಿಡಿದು, ಅಂಥ ಆಸ್ಪತ್ರೆಯ ಸುತ್ತುಮುತ್ತ ಕುಳಿತಿರುವುದನ್ನು ಯಾರು ಬೇಕಾದರೂ ಕಾಣಬಹುದು. ಅವರ ಎದುರಿಗೆ ಬೆಲೆಬಾಳುವ ಷೂ ತೊಟ್ಟು ಏದುಸಿರು ಬಿಡುತ್ತ ಹೋಗುವಾಗ ಮನಸ್ಸಿಗೆ ಒಂದು ಸೂಕ್ಷ್ಮವಾದ ಆಮಿಷ ಹುಟ್ಟುತ್ತದೆ: ‘ನಾನೂ ನಿಮಗಾಗಿ ಕಷ್ಟಪಡುತ್ತಿದ್ದೇನೆ’ ಎಂದುಕೊಳ್ಳುವ ಆಮಿಷ.

ಈ ಮಾತನ್ನು ಒಪ್ಪಬಾರದು. ನಾನಾಗಿ ಆರಿಸಿಕೊಂಡ ನೋವು ಬೇರೆ, ತಾನಾಗಿ ಬಂದೆರಗಿದ ನೋವು ಬೇರೆ. ನನ್ನ ಶ್ರಮಕ್ಕೆ ಮೈಲಿಗಲ್ಲುಗಳಿವೆ, ನೀರು ಕೊಡುವವರಿದ್ದಾರೆ, ಚಪ್ಪಾಳೆ ತಟ್ಟುವವರಿದ್ದಾರೆ, ಕೊನೆಯ ಗೆರೆ ಎಲ್ಲಿದೆಯೆಂದು ಮೊದಲೇ ಗೊತ್ತಿದೆ. ಬೇಡವಾದರೆ ಪಕ್ಕಕ್ಕೆ ಸರಿದು ಆಟೋ ಹತ್ತಬಹುದು. ಖಿನ್ನತೆಯಲ್ಲಿ ಮುಳುಗಿದವನಿಗೆ ಹಾಸಿಗೆಯಿಂದ ಬಚ್ಚಲುಮನೆಯವರೆಗಿನ ದೂರಕ್ಕೆ ಮೈಲಿಗಲ್ಲಿಲ್ಲ. ವ್ಯಾಯಾಮದಿಂದ ಖಿನ್ನತೆ ಒಂದಷ್ಟು ತಗ್ಗುವುದುಂಟೆಂದು ಸಂಶೋಧಕರು ಹೇಳುತ್ತಾರೆ, ನಿಜವೇ. ಆದರೆ ಅದನ್ನೇ ಹಿಡಿದು ‘ಎದ್ದು ನಾಲ್ಕು ಸುತ್ತು ಓಡು, ಎಲ್ಲ ಸರಿಹೋಗುತ್ತದೆ’ ಎಂದು ಉಪದೇಶ ಮಾಡುವುದು, ಏಳಲಾರದಿರುವುದೇ ಯಾರ ಕಾಯಿಲೆಯೋ ಅವನಿಗೆ ಏಳು ಎಂದು ಅಪ್ಪಣೆ ಕೊಟ್ಟಂತೆ.

ಕೆನಡಾ ದೇಶದ ಟೆರಿ ಫಾಕ್ಸ್ ಎಂಬ ತರುಣನ ಕಥೆಯನ್ನು ಅನೇಕರು ಬಲ್ಲರು. ಅರ್ಬುದ ರೋಗದಿಂದ 1977ರಲ್ಲಿ ಬಲಗಾಲನ್ನು ಕಳೆದುಕೊಂಡ ಆತ, ಕೃತಕ ಕಾಲು ಕಟ್ಟಿಕೊಂಡು, ರೋಗದ ಸಂಶೋಧನೆಗೆ ಹಣ ಬೇಡುತ್ತ, 1980ರಲ್ಲಿ 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ. ರೋಗ ಮರುಕಳಿಸಿ 1981ರಲ್ಲಿ ತೀರಿಕೊಂಡ. ಅಲ್ಲಿ ಓಡಿದವನೂ ನೊಂದವನೂ ಒಬ್ಬನೇ. ಆ ಕಾಲೇ ಸಾಕ್ಷಿ ನುಡಿಯುತ್ತಿತ್ತು. ಆರೋಗ್ಯವಂತನಾದ ನನಗೆ ಆ ಅಧಿಕಾರವಿಲ್ಲ. ನಮ್ಮಲ್ಲಿ ಇದಕ್ಕೆ ಹತ್ತಿರದ್ದೆಂದರೆ ಹರಕೆ. ಮಗನ ಜ್ವರ ಬಿಡಲೆಂದು ತಾಯಿ ಉರುಳುಸೇವೆ ಮಾಡುತ್ತಾಳೆ. ಗಂಡನಿಗಾಗಿ ಹೆಂಡತಿ ಬರಿಗಾಲಲ್ಲಿ ಮಾದೇಶ್ವರನ ಬೆಟ್ಟ ಹತ್ತುತ್ತಾಳೆ. ಒಬ್ಬರ ದೇಹವನ್ನು ಇನ್ನೊಬ್ಬರ ಸಲುವಾಗಿ ಜಾಮೀನಿಡುವ ಈ ಭಾವ ನಮಗೆ ಹೊಸದಲ್ಲ. ಆದರೆ ಹರಕೆ ಹೊತ್ತವಳು ಆ ಮನೆಯವಳು. ರೋಗಿಯ ತಲೆಯ ಬಳಿ ರಾತ್ರಿಯೆಲ್ಲ ಕುಳಿತವಳು. ಆಕೆಯ ನಡಿಗೆಯ ಪುಣ್ಯವನ್ನು ನನ್ನ ಓಟ ಎರವಲು ಪಡೆಯಲಾರದು.

ಹಾಗಾದರೆ ಉಳಿದದ್ದೇನು? ನನ್ನ ಮಟ್ಟಿಗೆ ಉಳಿದದ್ದು ಓಟವಲ್ಲ, ಬೇಡುವಿಕೆ.

ನಮ್ಮ ಮಧ್ಯಮವರ್ಗದ ಅಭಿಮಾನದ ತಳಹದಿಯೇ ‘ಯಾರ ಮುಂದೆಯೂ ಕೈಚಾಚಲಿಲ್ಲ’ ಎಂಬ ಮಾತು. ವಾರಾನ್ನ ಉಂಡು ಓದಿದ ಅಜ್ಜಂದಿರ ಮೊಮ್ಮಕ್ಕಳಾದ ನಾವು ಆ ನೆನಪನ್ನು ಬೇಗ ಬೇಗ ಅಳಿಸಿಕೊಂಡಿದ್ದೇವೆ. 1951ರಲ್ಲಿ ವಿನೋಬಾ ಭಾವೆಯವರು ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂದಾನ ಆರಂಭಿಸಿ, ಊರಿಂದೂರಿಗೆ ನಡೆದೇ ಹೋಗಿ ಭೂಮಿ ಬೇಡಿದರು. ಬಂದ ಭೂಮಿಯ ಗುಣ, ಹಂಚಿಕೆ ಇವುಗಳ ಬಗೆಗೆ ಟೀಕೆಗಳಿವೆ. ಆದರೆ ಬೇಡುವವನು ಕಾಲ್ನಡಿಗೆಯಲ್ಲಿ ಬಂದು ಬಾಗಿಲಲ್ಲಿ ನಿಂತಾಗ, ಇಲ್ಲವೆನ್ನುವವನೂ ಅವನ ಮುಖ ನೋಡಿಯೇ ಇಲ್ಲವೆನ್ನಬೇಕಾಗುತ್ತದೆ. ಆ ಪಾದಯಾತ್ರೆಯ ನೈತಿಕ ಬಲವಿದ್ದದ್ದು ಅಲ್ಲಿ. ನನ್ನ ಹತ್ತು ಕಿಲೋಮೀಟರು ಅದರ ಮುಂದೆ ಏನೂ ಅಲ್ಲ; ಆದರೂ ಅದು ನನ್ನನ್ನು ನಲವತ್ತು ಬಾಗಿಲುಗಳಿಗೆ ಕಳುಹಿಸಿತು. ನಲವತ್ತು ಕಡೆ ‘ಮನಸ್ಸಿನ ಕಾಯಿಲೆ’ ಎಂಬ ಮಾತನ್ನು, ದನಿ ತಗ್ಗಿಸದೆ, ಆಡಿಸಿತು.

ಈ ಮಾತು ಆಡುವುದು ಎಷ್ಟು ಕಷ್ಟವೆಂಬುದು ಆಡಿದವರಿಗೆ ಗೊತ್ತು. ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ ಹತ್ತರಷ್ಟು ಜನರಿಗೆ ಒಂದಲ್ಲ ಒಂದು ಮನೋವ್ಯಾಧಿಯಿತ್ತು. ಅಂಥವರಲ್ಲಿ ಹೆಚ್ಚಿನವರು ಯಾವ ಚಿಕಿತ್ಸೆಯನ್ನೂ ಪಡೆಯುತ್ತಿರಲಿಲ್ಲ. ವೈದ್ಯರ ಕೊರತೆ, ಹಣದ ಕೊರತೆ ಇದಕ್ಕೆ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಅವುಗಳ ಜೊತೆಗೆ ಇನ್ನೊಂದಿದೆ; ಅದೇ ನಾಚಿಕೆ. ಮಧುಮೇಹವನ್ನು ನಾವು ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ಚರ್ಚಿಸುತ್ತೇವೆ. ಮನಸ್ಸು ಕೆಟ್ಟರೆ ಕೋಣೆಯ ಬಾಗಿಲು ಮುಚ್ಚುತ್ತೇವೆ, ತಂಗಿಯ ಮದುವೆ ಆಗುವವರೆಗೆ, ಆಮೇಲೆ ತಮ್ಮನ ಮದುವೆ ಆಗುವವರೆಗೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯನ್ನು ರೋಗಿಯ ಹಕ್ಕೆಂದು ಸಾರಿತು. 2022ರಿಂದ 14416 ಎಂಬ ದೂರವಾಣಿ ಸಂಖ್ಯೆಗೆ ಯಾರು ಬೇಕಾದರೂ ಕರೆಮಾಡಿ ಸಲಹೆ ಕೇಳಬಹುದು. ಆದರೆ ಹಕ್ಕಿದ್ದೂ ಕೇಳಲು ಬಾಯಿ ಬರಬೇಕಲ್ಲ! ಸಹಾಯ ಬೇಡಲಾಗದಿರುವುದು ಈ ರೋಗದ ಅರ್ಧ ಭಾಗವೆಂದು ನನಗೆ ತೋರುತ್ತದೆ.

ಹಣ ಕೊಟ್ಟವರಲ್ಲಿ ಹಿರಿಯರೊಬ್ಬರಿದ್ದರು. ಹದಿನೆಂಟು ವರ್ಷಗಳ ಪರಿಚಯ. ಅವರ ಮನೆಯಲ್ಲಿ ಎಷ್ಟೋ ಸಲ ಕಾಫಿ ಕುಡಿದಿದ್ದೇನೆ. ಹಣ ಕೊಟ್ಟ ವಾರದ ಮೇಲೆ ದೂರವಾಣಿಯಲ್ಲಿ, ಅದೂ ಇದೂ ಮಾತನಾಡಿ, ಕೊನೆಗೆ ಹೇಳಿದರು: “ನಮ್ಮ ಚಿಕ್ಕವನಿಗೂ ಹನ್ನೊಂದು ವರ್ಷದಿಂದ ಮಾತ್ರೆ ನಡೀತಾ ಇದೆ. ನಿಮ್ಮ ಹತ್ತಿರ ಹೇಳಿರಲಿಲ್ಲ.” ಸ್ವಲ್ಪ ತಡೆದು, “ಒಂದು ದಿನ ಬಂದು ಅವನ ಜೊತೆ ಕೂತು ಹೋಗ್ತೀರಾ? ಅವನನ್ನು ನೋಡೋಕೆ ಅಂತ ಯಾರೂ ಬರಲ್ಲ” ಎಂದರು.

ನಾನು ಬೇಡಿದ್ದಕ್ಕೆ ಅವರು ಬೇಡಿದರು. ಓಟಕ್ಕೆ ಏನಾದರೂ ಅರ್ಥವಿದ್ದರೆ ಅದು ಇದೇ ಇರಬೇಕು. ಮೊದಲು ಕೈಚಾಚಿದವನ ಮುಂದೆ ಎರಡನೆಯವನಿಗೆ ಕೈಚಾಚುವ ಸಂಕೋಚ ಸ್ವಲ್ಪ ಕಡಿಮೆಯಾಗುತ್ತದೆ. ದಾನಿಗೂ ದೀನನಿಗೂ ನಡುವೆ ಇದ್ದ ಎತ್ತರ ಕರಗಿ, ಇಬ್ಬರೂ ಒಂದೇ ನೆಲದ ಮೇಲೆ ನಿಲ್ಲುತ್ತಾರೆ. ನೇರವಾಗಿ ಚೆಕ್ಕು ಬರೆದುಕೊಟ್ಟಿದ್ದರೆ ಸಂಸ್ಥೆಗೆ ಹಣ ಸೇರುತ್ತಿತ್ತು. ಆ ದೂರವಾಣಿ ಕರೆ ಬರುತ್ತಿರಲಿಲ್ಲ. ಲೆಕ್ಕದ ಸ್ನೇಹಿತರಿಗೆ ನಾನು ಕೊಡಬಹುದಾದ ಉತ್ತರ ಇಷ್ಟೇ.

ಹೋದೆ. ಮೂವತ್ತರ ಆಸುಪಾಸಿನ ಹುಡುಗ, ಮಿತಭಾಷಿ. ನನ್ನ ಓಟದ ವಿಚಾರ ತಂದೆಯಿಂದ ಕೇಳಿದ್ದ. “ಓಡಿದರೆ ಏನು ಕೊಡ್ತಾರೆ ಸಾರ್?” ಎಂದ. ಪದಕ ಕೊಡುತ್ತಾರೆ ಎಂದೆ. “ಗೆದ್ದವರಿಗೆ ಮಾತ್ರವಾ?” ಇಲ್ಲ, ಪೂರೈಸಿದವರಿಗೆಲ್ಲ. ಅವನು ಸ್ವಲ್ಪ ಹೊತ್ತು ಯೋಚಿಸಿ, “ಪರವಾಗಿಲ್ಲ, ನ್ಯಾಯವಾಗಿದೆ” ಎಂದು ನಕ್ಕ. ಹನ್ನೊಂದು ವರ್ಷದಿಂದ ಪ್ರತಿ ಬೆಳಗ್ಗೆ ಎದ್ದು, ನಾಲಗೆ ಒಣಗಿಸುವ ಮಾತ್ರೆ ನುಂಗಿ, ದಿನವನ್ನು ಪೂರೈಸುತ್ತಿರುವವನ ಬಾಯಲ್ಲಿ ಬಂದ ಆ ‘ನ್ಯಾಯ’ ಎಂಬ ಶಬ್ದಕ್ಕೆ ನನ್ನ ಬಳಿ ಮರುಮಾತಿರಲಿಲ್ಲ.

ಓಟವನ್ನು ಒಂದೂವರೆ ಗಂಟೆಗೆ ಎರಡು ನಿಮಿಷ ಹೆಚ್ಚಾಗಿ ಮುಗಿಸಿದೆ. ಕೂಡಿದ ಹಣ ಸಂಸ್ಥೆಗೆ ಸೇರಿತು. ಅದರಿಂದ ಉಪಯೋಗವಾಗುತ್ತದೆ, ಅದನ್ನು ಅಲ್ಪವೆನ್ನಲಾರೆ. ಆದರೆ ಓಟಕ್ಕೆ ಕೊನೆಯ ಗೆರೆಯೊಂದಿದೆ, ಆರೈಕೆಗೆ ಅಂಥ ಗೆರೆಯಿಲ್ಲ. ಪರರಿಗಾಗಿ ಓಡಿದವನ ಪ್ರಾಮಾಣಿಕತೆ ಗೊತ್ತಾಗುವುದು ಓಟದ ದಿನ ಅಲ್ಲ. ಪದಕವನ್ನು ಮೊಳೆಗೆ ನೇತುಹಾಕಿದ ಮೇಲೆ, ಯಾರೂ ನೋಡದ ಒಂದು ಮಂಗಳವಾರ ಸಂಜೆ, ಆ ಮನೆಯ ಕರೆಗಂಟೆಯನ್ನು ಅವನು ಮತ್ತೆ ಒತ್ತುತ್ತಾನೆಯೋ ಇಲ್ಲವೋ ಎಂಬುದರಲ್ಲಿ.