ಕತ್ತರಿ ಕೊಟ್ಟ ವೈರಾಗ್ಯ

ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯಕ್ಕೆ ಅಳತೆಯಿದೆ. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಎಲ್ಲವೂ ಒಂದೂಕಾಲು ಪಾಲು. ಅದನ್ನು ಬೇಡವೆಂದವರ ಗತಿ ಏನಾಯಿತೆಂದು ಕಥೆಯೇ ಹೇಳುತ್ತದೆ: ಪ್ರಸಾದ ಮುಟ್ಟದೆ ಗಂಡನನ್ನು ನೋಡಲು ಓಡಿದ ಕಲಾವತಿಯ ಕಣ್ಣೆದುರೇ ದೋಣಿ ಮುಳುಗಿತು, ಗೊಲ್ಲರು ಕೊಟ್ಟ ಪ್ರಸಾದವನ್ನು ಕಡೆಗಣಿಸಿದ ರಾಜ ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡ. ಈ ಕಥೆ ಕೇಳುತ್ತ ಕೂತವರ ನಡುವೆ, ಮೂರು ತಿಂಗಳ ಹಿಂದೆ ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡ ಹೆಂಗಸೊಬ್ಬಳು ಇದ್ದಾಳೆ ಎಂದಿಟ್ಟುಕೊಳ್ಳಿ. ಕೈಗೆ ದೊನ್ನೆ ತುಂಬ ಸಜ್ಜಿಗೆ ಬಂತು. ನಾಲ್ಕು ಚಮಚ ತಿಂದರೆ ಹತ್ತಿಪ್ಪತ್ತು ನಿಮಿಷದಲ್ಲೇ ಎದೆ ಡವಗುಟ್ಟಿ, ಬೆವರು ಕಿತ್ತುಕೊಂಡು, ತಲೆ ಸುತ್ತಿ ಗೋಡೆಗೆ ಒರಗಬೇಕಾದೀತು. ಸಕ್ಕರೆ ಜಠರದಲ್ಲಿ ತಂಗದೆ ಸೀದಾ ಸಣ್ಣ ಕರುಳಿಗೆ ಸುರಿದಾಗ ಆಗುವ ಈ ಗಲಿಬಿಲಿಗೆ ವೈದ್ಯರು ಡಂಪಿಂಗ್ ಎನ್ನುತ್ತಾರೆ. ಅವಳು ಒಂದು ಚಿಟಿಕೆ ತೆಗೆದು ಕಣ್ಣಿಗೊತ್ತಿಕೊಂಡು ನಾಲಿಗೆಯ ಮೇಲಿಟ್ಟು, ದೊನ್ನೆಯನ್ನು ಪಕ್ಕದ ಮಗುವಿಗೆ ದಾಟಿಸುತ್ತಾಳೆ. ‘ಪ್ರಸಾದಕ್ಕೂ ಡಯಟ್ಟೇನೇ?’ ಎಂದು ಕೇಳಲು ಅಲ್ಲೊಬ್ಬ ದೊಡ್ಡಮ್ಮ ಇದ್ದೇ ಇರುತ್ತಾರೆ.

ದೊಡ್ಡಮ್ಮನ ಪ್ರಶ್ನೆ ಕುಚೋದ್ಯದ್ದಾದರೂ ಹಗುರವಾದದ್ದಲ್ಲ. ಊಟ ಬಿಟ್ಟವರನ್ನು ನಾವು ಸಾವಿರಾರು ವರ್ಷಗಳಿಂದ ಗೌರವಿಸುತ್ತ ಬಂದಿದ್ದೇವೆ. ಹಾಗಾದರೆ ಆಪರೇಷನ್ ಥಿಯೇಟರಿನಲ್ಲಿ, ಅರಿವಳಿಕೆಯ ನಿದ್ದೆಯಲ್ಲಿ, ಒಂದೆರಡು ಗಂಟೆಯಲ್ಲಿ ದಕ್ಕಿದ ಮಿತಾಹಾರಕ್ಕೆ ಏನು ಬೆಲೆ?

ಮೊದಲು ಒಳಗೆ ಆಗುವುದೇನೆಂದು ನೋಡೋಣ. ಸ್ಲೀವ್ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆಯಾಗಿ ಬಿಡುತ್ತಾರೆ. ಬೈಪಾಸಿನಲ್ಲಿ ಸುಮಾರು 30 ಮಿಲಿಲೀಟರು ಹಿಡಿಸುವ ಪುಟ್ಟ ಚೀಲವೊಂದನ್ನು ಮಾಡಿ ಕರುಳಿಗೆ ಜೋಡಿಸುತ್ತಾರೆ. ಆದರೆ ಇದು ಬರೀ ಜಾಗದ ಲೆಕ್ಕವಲ್ಲ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಗುರುತಿಸಿದ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಕತ್ತರಿ ಬೀಳುವುದು ಅಲ್ಲಿಗೇ. ಜೊತೆಗೆ ‘ಸಾಕು’ ಎಂದು ಮಿದುಳಿಗೆ ಹೇಳುವ ಕರುಳಿನ ಹಾರ್ಮೋನುಗಳು ಊಟವಾದ ಮೇಲೆ ಮೊದಲಿಗಿಂತ ಹೆಚ್ಚು ಒಸರುತ್ತವೆ. ಹಲವರಿಗೆ ರುಚಿಯೂ ತಿರುಗುತ್ತದೆ. ಮೈಸೂರು ಪಾಕಿನ ಸಿಹಿ ಗಂಟಲು ಕೆರೆಯುವಷ್ಟು ಅತಿಯೆನಿಸುತ್ತದೆ. ಮಾಂಸದ ವಾಸನೆಗೆ ಹೊಟ್ಟೆ ತೊಳಸುತ್ತದೆ. ನಲವತ್ತು ವರ್ಷ ಬೆಳಿಗ್ಗೆ ಎಬ್ಬಿಸಿದ ಕಾಫಿ ಕೂಡ ಕೆಲವರಿಗೆ ಬೇಡವಾಗುತ್ತದೆ. ಬಹಳ ಜನರಲ್ಲಿ ಇದು ತಿಂಗಳುಗಳು ಕಳೆದಂತೆ ಸಡಿಲವಾಗುತ್ತದೆ, ಕೆಲವರಲ್ಲಿ ಉಳಿದೇಬಿಡುತ್ತದೆ.

ಅರಿಸ್ಟಾಟಲ್ ಇಬ್ಬರನ್ನು ಬೇರೆ ಬೇರೆ ಇಟ್ಟು ನೋಡಿದ್ದ. ಆಸೆ ಎಳೆದರೂ ಹಲ್ಲುಕಚ್ಚಿ ನಿಲ್ಲುವವನು ಒಬ್ಬ; ಹಾಗೆ ಎಳೆಯುವ ಆಸೆಯೇ ಏಳದಂತೆ ಅಭ್ಯಾಸದಿಂದ ಪಳಗಿದವನು ಇನ್ನೊಬ್ಬ. ಎರಡನೆಯವನೇ ಅವನ ಕಣ್ಣಿಗೆ ಮೇಲು. ಆಪರೇಷನ್ನಾದವರು ಹೊರನೋಟಕ್ಕೆ ಆ ಎರಡನೆಯವರ ಹಾಗೆಯೇ ಕಾಣುತ್ತಾರೆ, ಅಭ್ಯಾಸದ ಭಾಗವೊಂದನ್ನು ಬಿಟ್ಟು. ಇದನ್ನು ಅಡ್ಡದಾರಿ ಎಂದು ಮೂದಲಿಸುವವರಿದ್ದಾರೆ. ಆ ಮೂದಲಿಕೆಯಲ್ಲಿ ನ್ಯಾಯವಿಲ್ಲ. ಒಂದು ಹಾರ್ಮೋನು ತಗ್ಗಿದ ಮಾತ್ರಕ್ಕೆ ಹಸಿವು ತೆಪ್ಪಗಾಗುವುದಾದರೆ, ಹುಟ್ಟಾ ತೆಳ್ಳಗಿರುವವರು ‘ನನಗೆ ನಿಗ್ರಹವಿದೆ’ ಎಂದು ಬೀಗಿದ್ದರಲ್ಲಿ ಎಷ್ಟು ಪಾಲು ಅವರ ಸ್ವಂತ ಗಳಿಕೆ?

ಗೀತೆಯ ಎರಡನೆಯ ಅಧ್ಯಾಯ ಇನ್ನೂ ಸೂಕ್ಷ್ಮವಾದುದನ್ನು ಹಿಡಿಯುತ್ತದೆ. ಉಣ್ಣದೆ ಕೂತವನಿಂದ ವಿಷಯಗಳು ದೂರ ಸರಿದರೂ ಅವುಗಳ ಮೇಲಿನ ರುಚಿ ಒಳಗೇ ಉಳಿದಿರುತ್ತದೆ, ಅದು ಅಳಿಯಬೇಕಾದರೆ ಪರತತ್ವದ ದರ್ಶನವೇ ಆಗಬೇಕು ಎಂಬುದು ಅಲ್ಲಿನ ತಾತ್ಪರ್ಯ. ಇಲ್ಲಿ ಕ್ರಮ ತಲೆಕೆಳಗಾಗಿದೆ: ದರ್ಶನವಿಲ್ಲ, ಸಾಧನೆಯಿಲ್ಲ, ರುಚಿಯೇ ಮೊದಲು ಎದ್ದು ಹೋಗಿದೆ. ಹೋದದ್ದಕ್ಕೆ ಬಿಡುಗಡೆಯ ಸಂತೋಷವೂ ಸಿಗುವುದಿಲ್ಲ. ಹೋಳಿಗೆ ಸಪ್ಪೆಯಾಯಿತೆಂದು, ಹಬ್ಬ ಹಬ್ಬದಂತಿಲ್ಲವೆಂದು ಕಣ್ಣೀರಿಟ್ಟವರುಂಟು. ಜೈನರು ರಸಪರಿತ್ಯಾಗವನ್ನು ತಪಸ್ಸಿನಲ್ಲಿ ಸೇರಿಸಿದ್ದಾರೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳನ್ನು ಬಿಡುವುದು. ಗಾಂಧೀಜಿಯ ಆಶ್ರಮವ್ರತಗಳಲ್ಲಿ ಅಸ್ವಾದವೂ ಒಂದು. ಎರಡರಲ್ಲೂ ಬಿಡುವವನ ಕೈಯಲ್ಲಿ ಬಿಡಲು ಏನೋ ಇದೆ. ಕಳ್ಳತನವಾದ ಒಡವೆಯನ್ನು ದಾನ ಮಾಡಿದೆ ಎನ್ನಲಾದೀತೆ?

ಹಾಗೆಂದು ಕತ್ತರಿ ಎಲ್ಲವನ್ನೂ ಒಯ್ಯುವುದೂ ಇಲ್ಲ. ಅಮೆರಿಕದ ಟಿವಿಯಲ್ಲಿ ಹವಾಮಾನ ಹೇಳುವ ಆಲ್ ರೋಕರ್, ಸಾವಿನ ಹಾಸಿಗೆಯಲ್ಲಿದ್ದ ತಂದೆಗೆ ತೂಕ ಇಳಿಸುತ್ತೇನೆಂದು ಮಾತು ಕೊಟ್ಟು 2002ರಲ್ಲಿ ಬೈಪಾಸ್ ಮಾಡಿಸಿಕೊಂಡರು. ತೂಕ ಇಳಿಯಿತು. ಕೆಲವು ವರ್ಷಗಳ ಮೇಲೆ ತಾಯಿ ಕಾಯಿಲೆ ಬಿದ್ದಾಗ ಮತ್ತೆ ಏರತೊಡಗಿತು. ಚಿಕ್ಕದಾದ ಜಠರ ಚಿಕ್ಕದಾಗಿಯೇ ಇತ್ತು. ದುಃಖಕ್ಕೆ ತುತ್ತು ಬೇಡುವ ಜಾಗ ಬೇರೆ ಎಲ್ಲೋ ಇತ್ತು. ಕನ್ನಡ ಇದನ್ನು ಯಾವಾಗಲೋ ಎರಡು ಮಾಡಿಟ್ಟಿದೆ: ಹೊಟ್ಟೆಗೆ ಹಸಿವು, ಬಾಯಿಗೆ ಚಪಲ. ಭಾಗವತದ ಅವಧೂತ ಗಾಳಕ್ಕೆ ಸಿಕ್ಕ ಮೀನನ್ನು ಗುರುವೆಂದು ಎಣಿಸಿದ್ದೂ ನಾಲಿಗೆಯ ಕಾರಣಕ್ಕೇ. ಆಪರೇಷನ್ ಹಸಿವನ್ನು ಬದಿಗೆ ಸರಿಸಿದಾಗ ಚಪಲ ಒಂಟಿಯಾಗಿ ಎದುರು ನಿಲ್ಲುತ್ತದೆ. ಹೊಟ್ಟೆ ತುಂಬಿದೆ ಎಂದು ಖಾತ್ರಿಯಿದ್ದೂ ಫ್ರಿಜ್ಜಿನ ಬಾಗಿಲು ತೆಗೆದ ಕೈ ತನ್ನದೇ ಎಂದು ಮೊದಲ ಸಲ ಕಾಣುವುದು ಆಗಲೇ. ಸಾಧಕರು ವರ್ಷಗಟ್ಟಲೆ ಹುಡುಕಿದ್ದೂ ಹೆಚ್ಚುಕಡಿಮೆ ಇದನ್ನೇ. ಚಿಕಿತ್ಸೆಯಿಂದ ಏನಾದರೂ ಆಧ್ಯಾತ್ಮಿಕ ಲಾಭವಿದ್ದರೆ ಅದು ತೂಕದ ಕಾಗದದಲ್ಲಿಲ್ಲ, ಆ ಬಾಗಿಲ ಬಳಿ ಇದೆ.

ದಿನದ ತೊಡಕುಗಳು ಮಾತ್ರ ತತ್ವಕ್ಕೆ ಕಾಯುವುದಿಲ್ಲ. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಅಂತರ ಬಿಡಬೇಕು. ಮಠದ ದಾಸೋಹದಲ್ಲಿ ತಟ್ಟೆ ತೊಳೆದ ನೀರನ್ನೂ ಕುಡಿದು ಪ್ರಸಾದ ಮುಗಿಸುವ ಲಿಂಗಾಯತ ಮನೆತನದವರಿಗೆ ಅಲ್ಲೇ ಇಕ್ಕಟ್ಟು. ಮೊದಲೇ ಎರಡು ಚಮಚ ಸಾಕೆಂದು ಬಡಿಸಿಸಿಕೊಳ್ಳುವುದು, ಬೇಳೆ ಮೊಟ್ಟೆ ಪನೀರಿನಂಥ ಪ್ರೋಟೀನು ಮೊದಲು ತಿನ್ನುವುದು, ಬೆಚ್ಚಗಿನದರ ವಾಸನೆ ಆಗದಿದ್ದರೆ ಆರಿಸಿ ತಿನ್ನುವುದು, ಇವತ್ತು ಒಗ್ಗದ್ದನ್ನು ಕೆಲವು ವಾರ ಬಿಟ್ಟು ಮತ್ತೆ ನಾಲಿಗೆಗೆ ತೋರಿಸುವುದು, ವಿಟಮಿನ್ ಗುಳಿಗೆ ತಪ್ಪಿಸದಿರುವುದು: ಪಥ್ಯವೆಲ್ಲ ಇಷ್ಟೇ, ಆದರೆ ಜೀವನಪೂರ್ತಿ.

ಅದೇ ಅರಿಸ್ಟಾಟಲ್ ಒಬ್ಬ ಹೊಟ್ಟೆಬಾಕನ ವಿಷಯ ಹೇಳುತ್ತಾನೆ. ತುತ್ತು ಇಳಿಯುವ ಸುಖ ಇನ್ನಷ್ಟು ಹೊತ್ತು ಸಿಗಲೆಂದು ಅವನು ತನ್ನ ಗಂಟಲು ಕೊಕ್ಕರೆಯದಕ್ಕಿಂತ ಉದ್ದವಾಗಲಿ ಎಂದು ದೇವರಲ್ಲಿ ಬೇಡಿದ್ದನಂತೆ. ಸಜ್ಜಿಗೆ ದಾಟಿಸಿದ ಹೆಂಗಸು ಮರುದಿನ ಬೆಳಿಗ್ಗೆ ಅರ್ಧ ಇಡ್ಲಿಯ ಮುಂದೆ ಕೂರುತ್ತಾಳೆ. ಉಗುರಿನಷ್ಟು ಮುರಿದು, ಚಟ್ನಿಗೆ ತಾಕಿಸಿ, ಬಾಯಲ್ಲೇ ನೀರಾಗುವವರೆಗೆ ಅಗಿದು ನುಂಗುತ್ತಾಳೆ. ಆ ಅರ್ಧ ಮುಗಿಯಲು ಇಪ್ಪತ್ತು ನಿಮಿಷ ಬೇಕು. ಚಟ್ನಿಗೆ ಹುಣಿಸೆಯ ಬದಲು ಮಾವಿನಕಾಯಿ ಹಾಕಿದ್ದು ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಾಗಿದೆ.